ತಲೆಗಿಷ್ಟು: ಕೆಲಸ ಕೊಡಿಸುವವರ ಸಂಬಳದ ಕಥೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಥೆ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ. ನಿಮಗೂ ಆ ಕಾಲ್ ಬಂದಿರುತ್ತೆ. "ಸರ್, ನಿಮ್ಮ ಪ್ರೊಫೈಲ್ ನೋಡಿದ್ವಿ. ಈಗಿನ ಸಿಟಿಸಿ ಎಷ್ಟು? ಎಕ್ಸ್‌ಪೆಕ್ಟೇಷನ್ ಎಷ್ಟು? ನೋಟಿಸ್ ಪೀರಿಯಡ್ ಎಷ್ಟು ದಿನ?" ಮನೆಯವರಿಗೂ ಸರಿಯಾಗಿ ಹೇಳದ ಸಂಬಳವನ್ನ ನಾವು ಅಪರಿಚಿತರಿಗೆ ಒಂದೇ ನಿಮಿಷದಲ್ಲಿ ಹೇಳಿಬಿಡ್ತೀವಿ. ಆದ್ರೆ ಆ ಕಡೆ ಇರೋ ಹುಡುಗಿಗೋ ಹುಡುಗನಿಗೋ ಸಂಬಳ ಎಷ್ಟು ಅಂತ ಯಾವತ್ತಾದ್ರೂ ಕೇಳಿದ್ದೀವಾ?

ನಾನು ಕೇಳಬೇಕಾಗಿರಲಿಲ್ಲ. ಆ ಕಾಲ್ ಮಾಡ್ತಿದ್ದವನೇ ನಾನು. ಡಿಗ್ರಿ ಮುಗಿಸಿದ ಮೇಲೆ ಬೆಂಗಳೂರಿನ ಒಂದು ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಅದು. ತಿಂಗಳಿಗೆ 18,000 ರೂಪಾಯಿ, ಅದರ ಮೇಲೆ ಇನ್ಸೆಂಟಿವ್. ನಾನು ಕಳಿಸಿದ ಒಬ್ಬ ಹುಡುಗನಿಗೆ ಕೆಲಸ ಆಯ್ತು. ನನಗೆ 6,000 ರೂಪಾಯಿ ಇನ್ಸೆಂಟಿವ್ ಬಂತು, ಊರಿಗೆ ಕಳಿಸಿದೆ. ಎಪ್ಪತ್ತೊಂದನೇ ದಿನಕ್ಕೆ ಆ ಹುಡುಗ ಫೋನ್ ಮಾಡಿ, "ನೈಟ್ ಶಿಫ್ಟ್ ಆಗ್ತಿಲ್ಲ ಸರ್, ನಿದ್ದೆಯಿಲ್ಲದೆ ಆರೋಗ್ಯ ಕೆಟ್ಟಿದೆ, ಬಿಡ್ತಾ ಇದ್ದೀನಿ" ಅಂದ.

ನಾನು ಏನು ಹೇಳಿದೆ ಗೊತ್ತಾ? "ಇನ್ನು ಹತ್ತೊಂಬತ್ತು ದಿನ ತಡ್ಕೊಳ್ಳೋ ಮಾರಾಯ." ಯಾಕಂದ್ರೆ ತೊಂಬತ್ತು ದಿನದೊಳಗೆ ಅವನು ಬಿಟ್ಟರೆ ಕ್ಲೈಂಟ್ ಕಂಪನಿಗೆ ನಾವು ಬೇರೆಯವರನ್ನ ಕೊಡಬೇಕು, ಇಲ್ಲಾ ಫೀಸ್ ವಾಪಸ್ ಮಾಡಬೇಕು. ನನ್ನ ಇನ್ಸೆಂಟಿವ್ ಮುಂದಿನ ಸಂಬಳದಲ್ಲಿ ಕಟ್ ಆಗುತ್ತೆ. ಅವನು ಬಿಟ್ಟ. ನನ್ನ 6,000 ಕಟ್ ಆಯ್ತು.

ದುಡ್ಡಿನ ಬೇಜಾರು ಎರಡು ತಿಂಗಳಲ್ಲಿ ಹೋಯ್ತು. ಆ ಮಾತು ಆಡಿದ ಬೇಜಾರು ಹೋಗಲಿಲ್ಲ. ಆರೋಗ್ಯ ಕೆಟ್ಟವನಿಗೆ ತಡ್ಕೋ ಅಂತ ಹೇಳುವ ಮನುಷ್ಯ ನಾನಾಗಿದ್ದು ಹೇಗೆ? ಹುಡುಕ್ತಾ ಹೋದಾಗ ಗೊತ್ತಾಯ್ತು, ಈ ಮಾತು ನನ್ನದಲ್ಲ, ನೂರೈವತ್ತು ವರ್ಷ ಹಳೇದು.

ಕಾಫಿ ತೋಟದ ಮೇಸ್ತ್ರಿ

ಕೊಡಗಿಗೆ ಹೋಗೋಣ. 1834ರಲ್ಲಿ ಕೊಡಗು ನೇರ ಬ್ರಿಟಿಷ್ ಆಳ್ವಿಕೆಗೆ ಬಂತು. 1850ರ ದಶಕದಿಂದ ಯುರೋಪಿಯನ್ನರು ಅಲ್ಲಿ ಕಾಡು ಕಡಿದು ಕಾಫಿ ತೋಟ ಮಾಡೋಕೆ ಶುರು ಮಾಡಿದ್ರು. ಜಾಗ ಇತ್ತು, ಮಳೆ ಇತ್ತು. ಆಳು ಮಾತ್ರ ಸಾಲದು. ಆಳುಗಳು ಇದ್ದದ್ದು ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ, ಇತ್ತ ಮೈಸೂರಿನ ಬಯಲು ಸೀಮೆಯಲ್ಲಿ. ತೋಟದ ದೊರೆಗೆ ತುಳು ಬರಲ್ಲ, ಕನ್ನಡ ಬರಲ್ಲ, ಯಾವ ಊರಲ್ಲಿ ಯಾರ ಮನೆ ಕಷ್ಟದಲ್ಲಿದೆ ಅನ್ನೋದೂ ಗೊತ್ತಿಲ್ಲ. ಇದೆಲ್ಲ ಗೊತ್ತಿದ್ದವನು ಮೇಸ್ತ್ರಿ. ಪದ ನಮ್ಮದಲ್ಲ, ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದದ್ದು. ಆದ್ರೆ ಈಗ ಅದಕ್ಕಿಂತ ಕನ್ನಡದ ಪದ ಇನ್ನೊಂದಿಲ್ಲ ಅನ್ನಿಸುತ್ತೆ.

ವ್ಯವಸ್ಥೆ ಹೀಗಿತ್ತು. ತೋಟದವರು ಮೇಸ್ತ್ರಿ ಕೈಗೆ ಮುಂಗಡ ಹಣ ಕೊಡ್ತಿದ್ರು. ಅವನು ಊರೂರಿಗೆ ಹೋಗಿ ಮದುವೆಗೆ, ಸಾಲಕ್ಕೆ, ಹಬ್ಬಕ್ಕೆ ದುಡ್ಡು ಬೇಕಾದವರಿಗೆ ಅದನ್ನ ಹಂಚಿ, ಗುಂಪು ಕಟ್ಟಿಕೊಂಡು ಘಟ್ಟ ಹತ್ತಿಸಿಕೊಂಡು ಬರ್ತಿದ್ದ. ಆ ಗುಂಪು ದುಡಿದ ಕೂಲಿಯ ಮೇಲೆ ಅವನಿಗೆ ಕಮಿಷನ್. ಇದರಲ್ಲಿ ಒಂದು ಕೊಕ್ಕೆ ಇತ್ತು: ಆಳು ಓಡಿಹೋದ್ರೆ ಮುಂಗಡಕ್ಕೆ ಹೊಣೆ ಮೇಸ್ತ್ರಿಯೇ. ನನ್ನ ತೊಂಬತ್ತು ದಿನದ ಷರತ್ತು ನೆನಪಾಯ್ತಲ್ವಾ?

ವ್ಯತ್ಯಾಸ ಏನಂದ್ರೆ ಆಗ ಇದರ ಹಿಂದೆ ಜೈಲು ಇತ್ತು. 1859ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂತು, ಕೆಲಸಗಾರರ ಕರಾರು ಭಂಗ ಕಾಯ್ದೆ. ಮುಂಗಡ ತಗೊಂಡು ಕೆಲಸ ಮಾಡದವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು. ದುಡ್ಡು ವಾಪಸ್ ಕೊಡು, ಇಲ್ಲಾ ಕೆಲಸ ಮಾಡು. ಎರಡೂ ಆಗಲ್ಲ ಅಂದ್ರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದ್ದು ಸಿವಿಲ್ ವ್ಯಾಜ್ಯ ಆಗಬೇಕಿತ್ತು, ಇಲ್ಲಿ ಅದು ಅಪರಾಧವಾಯ್ತು. ಈ ಕಾಯ್ದೆಯನ್ನ ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ.

ಇಲ್ಲಿ ಮೇಸ್ತ್ರಿಯನ್ನ ಬರೀ ಖಳನಾಯಕ ಅಂದುಬಿಟ್ಟರೆ ಕಥೆ ಮುಗಿದುಹೋಗುತ್ತೆ. ಹಾಗಲ್ಲ. ಮೇಸ್ತ್ರಿಗಳಲ್ಲಿ ಎಷ್ಟೋ ಜನ ಹಿಂದೆ ಅದೇ ತೋಟದಲ್ಲಿ ದುಡಿದವರು. ಓದು ಬರಹ ಇಲ್ಲದ ಕೂಲಿಯವನಿಗೆ ಮೇಲೆ ಹೋಗೋಕೆ ಇದ್ದ ಏಣಿ ಅದೊಂದೇ. ಆ ಏಣಿಯ ಮೆಟ್ಟಿಲುಗಳು ಮಾತ್ರ ಮನುಷ್ಯರ ತಲೆಗಳು. ಇಪ್ಪತ್ತು ತಲೆ ತಂದವನಿಗಿಂತ ಐವತ್ತು ತಲೆ ತಂದವನು ದೊಡ್ಡವನು.

ದೊಡ್ಡ ಕಂಗಾಣಿ, ಚಿಲ್ಲರೆ ಕಂಗಾಣಿ

ಈ ಏಣಿ ಪೂರ್ತಿ ಬೆಳೆದು ನಿಂತದ್ದನ್ನ ನೋಡಬೇಕಂದ್ರೆ ಸಮುದ್ರ ದಾಟಿ ಶ್ರೀಲಂಕಾಕ್ಕೆ, ಆಗಿನ ಸಿಲೋನ್‌ಗೆ ಹೋಗಬೇಕು. ಅಲ್ಲೂ ಮೊದಲು ಕಾಫಿ. 1869ರ ಹೊತ್ತಿಗೆ ಎಲೆ ತುಕ್ಕು ರೋಗ ಬಿದ್ದು ಮುಂದೆ ಕಾಫಿ ನಾಶವಾಗಿ, ಆ ಜಾಗಕ್ಕೆ ಚಹಾ ಬಂತು. ದುಡಿದವರು ಹೆಚ್ಚಾಗಿ ತಮಿಳುನಾಡಿನ ಹಳ್ಳಿಯವರು. ಅವರನ್ನ ಕರೆದೊಯ್ದವನು ಕಂಗಾಣಿ. ಕಣ್ಣು, ಕಾಣು, ಎರಡೂ ಸೇರಿದ ತಮಿಳು ಪದ, ಕಣ್ಣಿಟ್ಟು ಕಾಯುವವನು.

ಕಂಗಾಣಿಗಳಲ್ಲಿ ಎರಡು ದರ್ಜೆ. ಕೆಳಗಿನವನು 'ಸಿಲ್ಲರೈ ಕಂಗಾಣಿ', ಅಂದ್ರೆ ನಮ್ಮ ಚಿಲ್ಲರೆ ಅನ್ನೋ ಪದವೇ. ತನ್ನ ನಂಟರು, ತನ್ನ ಊರಿನವರು ಇರುವ ಸಣ್ಣ ಗುಂಪು ಅವನದು. ಇಂಥ ಹತ್ತಾರು ಗುಂಪುಗಳ ಮೇಲೆ ಒಬ್ಬ ದೊಡ್ಡ ಕಂಗಾಣಿ. ಬೆಳಗ್ಗೆ ಹಾಜರಿ ಕೂಗಿದಾಗ ಕೆಲಸಕ್ಕೆ ಬಂದ ಪ್ರತಿ ತಲೆಗೆ ದಿನಕ್ಕೆ ಇಷ್ಟು ಸೆಂಟ್ ಅಂತ ಚಿಲ್ಲರೆ ಕಂಗಾಣಿಗೆ. ಅದೇ ತಲೆಗಳ ಮೇಲೆ ಇನ್ನಷ್ಟು ಸೆಂಟ್ ದೊಡ್ಡ ಕಂಗಾಣಿಗೆ. ಅಂದ್ರೆ ಒಬ್ಬ ಹೆಂಗಸು ಜ್ವರ ಬಂದು ಲೈನ್ ಮನೆಯಲ್ಲಿ ಮಲಗಿದ್ರೆ ಅವತ್ತು ಇಬ್ಬರ ಜೇಬಿಗೆ ಕಡಿಮೆ. ಬೆಳಗ್ಗೆ ಬಾಗಿಲು ಬಡಿದು ಎಬ್ಬಿಸೋಕೆ ಬೇರೆ ಕಾರಣ ಬೇಕಾ?

ಇವತ್ತಿನ ಕನ್ಸಲ್ಟೆನ್ಸಿಯ ಏಣಿ ನೋಡಿ. ಕೆಳಗೆ ರಿಕ್ರೂಟರ್, ಅವನಿಗೆ ತಾನು ಸೇರಿಸಿದವರ ಮೇಲೆ ಇನ್ಸೆಂಟಿವ್. ಮೇಲೆ ಟೀಮ್ ಲೀಡ್, ಅವನಿಗೆ ತನ್ನ ಟೀಮ್ ಸೇರಿಸಿದ ಎಲ್ಲರ ಮೇಲೆ ಪಾಲು. ಪ್ರಮೋಷನ್ ಅಂದ್ರೆ ಎಣಿಸುವ ತಲೆಗಳು ಹೆಚ್ಚಾಗೋದು.

ಇನ್ನೊಂದು ಸಂಗತಿ ಇದೆ. ಸಿಲೋನ್‌ನಲ್ಲಿ 'ತುಂಡು' ಅಂತ ಒಂದು ಚೀಟಿ ಇತ್ತು. "ಈ ಕಂಗಾಣಿ ಮತ್ತು ಅವನ ಗುಂಪಿನ ಸಾಲ ಇಷ್ಟು. ಇದನ್ನ ತೀರಿಸಿದವರು ಕರೆದುಕೊಂಡು ಹೋಗಬಹುದು" ಅಂತ ತೋಟದವರು ಬರೆದುಕೊಡುವ ಚೀಟಿ. ದೊಡ್ಡ ಕಂಗಾಣಿ ಈ ತುಂಡು ಹಿಡ್ಕೊಂಡು ತೋಟದಿಂದ ತೋಟಕ್ಕೆ ಹೋಗಿ, ಹೆಚ್ಚು ಮುಂಗಡ ಕೊಡುವವರ ಹತ್ತಿರ ಗುಂಪಿನ ಸಮೇತ ಸೇರಿಕೊಳ್ತಿದ್ದ. ಅವನ ಕೈಗೆ ದುಡ್ಡು ಬಂತು, ಗುಂಪಿನ ತಲೆ ಮೇಲೆ ಸಾಲ ಬೆಳೀತು. 1921ರಲ್ಲಿ ಕಾನೂನು ಮಾಡಿ ತುಂಡು ಪದ್ಧತಿಯನ್ನ ನಿಲ್ಲಿಸಿದ್ರು. ಆದ್ರೆ ಕಂಪನಿ ಬಿಡುವಾಗ ಟೀಮನ್ನೂ ಕ್ಲೈಂಟ್ ಪಟ್ಟಿಯನ್ನೂ ಎತ್ತಿಕೊಂಡು ಹೋಗಿ ದೊಡ್ಡ ಹೈಕ್ ತಗೊಳ್ಳುವ ಮ್ಯಾನೇಜರ್‌ಗಳನ್ನ ನಾನೇ ಕಂಡಿದ್ದೀನಿ.

ಬಾಂಬೆಯ ಜಾಬರ್, ಮತ್ತು ಎರಡನೇ ಏಣಿ

ತೋಟದಿಂದ ಈಗ ಗಿರಣಿಗೆ. ಬಾಂಬೆಯ ಹತ್ತಿ ಗಿರಣಿಗಳಲ್ಲಿ ಮೇಸ್ತ್ರಿಯ ಜಾಗದಲ್ಲಿದ್ದವನು ಜಾಬರ್. ಕೆಲಸಕ್ಕೆ ತಗೊಳ್ಳೋನು ಅವನೇ, ಕೆಲಸ ಮಾಡಿಸೋನು ಅವನೇ, ಕೆಲಸದಿಂದ ತೆಗೆಯೋನೂ ಅವನೇ. ಹೆಂಗಸರ ವಿಭಾಗಗಳಲ್ಲಿ 'ನಾಯ್ಕಿಣ್' ಅಂತ ಹೆಂಗಸರೇ ಈ ಕೆಲಸ ಮಾಡ್ತಿದ್ರು. ಜಾಬರ್‌ಗೆ ಗಿರಣಿಯಿಂದ ಸಂಬಳ ಇತ್ತು. ಅದರ ಜೊತೆಗೆ ಕೆಳಗಿನಿಂದ ದಸ್ತೂರಿ: ಕೆಲಸ ಕೊಡಿಸಿದ್ದಕ್ಕೆ ಒಂದಿಷ್ಟು, ಕೆಲಸ ಉಳಿಸಿದ್ದಕ್ಕೆ ಮತ್ತೊಂದಿಷ್ಟು. ಖೋಲಿ ಬೇಕಂದ್ರೂ ಸಾಲ ಬೇಕಂದ್ರೂ ಅವನ ಹತ್ತಿರವೇ ಹೋಗಬೇಕಾದ ಸ್ಥಿತಿ ಎಷ್ಟೋ ಜನರದ್ದು.

1929ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಕಾರ್ಮಿಕರ ಬಗ್ಗೆ ಒಂದು ರಾಯಲ್ ಆಯೋಗ ನೇಮಿಸಿತು. ಅಧ್ಯಕ್ಷರು ಜಾನ್ ಹೆನ್ರಿ ವಿಟ್ಲಿ, ಹಿಂದೆ ಬ್ರಿಟನ್ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದವರು. 1931ರ ಅವರ ವರದಿ ಜಾಬರ್‌ಗಳ ಲಂಚದ ಬಗ್ಗೆ ಬಿಚ್ಚಿಟ್ಟು ಮಾತಾಡಿತು. ಪರಿಹಾರ ಏನು ಹೇಳಿತು ಅಂದ್ರೆ, ತಗೊಳ್ಳುವ, ತೆಗೆಯುವ ಅಧಿಕಾರ ಜಾಬರ್ ಕೈಯಿಂದ ಹೋಗಲಿ. ಅದಕ್ಕೆ ಲೇಬರ್ ಆಫೀಸರ್ ಅಂತ ಒಬ್ಬರನ್ನ ನೇಮಿಸಿ. ಅವರು ಜನರಲ್ ಮ್ಯಾನೇಜರ್‌ಗೆ ಬಿಟ್ಟು ಇನ್ಯಾರಿಗೂ ಅಧೀನರಾಗಿರಬಾರದು. ಪ್ರಾಮಾಣಿಕರಾಗಿರಬೇಕು, ಮನುಷ್ಯರನ್ನ ಅರ್ಥ ಮಾಡ್ಕೊಳ್ಳಬೇಕು, ಕೆಲಸಗಾರರ ಭಾಷೆ ಬರಬೇಕು.

ಇವತ್ತಿನ ಎಚ್‌ಆರ್ ಮ್ಯಾನೇಜರ್ ಹುದ್ದೆಯ ಬೇರು ಇಲ್ಲಿದೆ. 1936ರಲ್ಲಿ ಬಾಂಬೆಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುವಾಯ್ತು. ಈಗ ಅದನ್ನೇ ನಾವು ಟಿಸ್ ಅಂತೀವಿ, ಎಚ್‌ಆರ್ ಓದೋಕೆ ಸೀಟು ಸಿಗೋದೇ ಕಷ್ಟ. 1948ರ ಕಾರ್ಖಾನೆ ಕಾಯ್ದೆ ಬಂದಾಗ, 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಅಂತಾಯ್ತು.

ಹೀಗೆ ಎರಡನೇ ಏಣಿ ಹುಟ್ಟಿತು. ಮೊದಲನೆಯದು ತಲೆಗಿಷ್ಟು ಅಂತ ಗಳಿಸುವವರದು. ಎರಡನೆಯದು ತಿಂಗಳ ಸಂಬಳದವರದು. ಮೊದಲನೆಯದಕ್ಕೆ ಡಿಗ್ರಿ ಬೇಡ, ಊರು ಗೊತ್ತಿದ್ರೆ ಸಾಕು. ಎರಡನೆಯದಕ್ಕೆ ಡಿಗ್ರಿ ಬೇಕು. ಲಂಚ ತಗ್ಗಿಸೋಕೆ ಮಾಡಿದ ಸುಧಾರಣೆ ಕೂಲಿಯವರ ಮಕ್ಕಳಿಗೆ ಇದ್ದ ಒಂದು ಹಳೇ ದಾರಿಯನ್ನ ಕಿರಿದು ಮಾಡಿತು ಅನ್ನೋದೂ ನಿಜ. ಇವತ್ತಿಗೂ ಒಂದೇ ಕೆಲಸ ಮಾಡುವ ಇಬ್ಬರ ನಡುವೆ ಈ ಗೆರೆ ಇದೆ. ಕಂಪನಿ ಒಳಗೆ ಕೂತವರು 'ಟ್ಯಾಲೆಂಟ್ ಅಕ್ವಿಸಿಷನ್', ಹೊರಗೆ ಕೂತವರು 'ವೆಂಡರ್'.

ಕಮಿಷನ್ ಇಲ್ಲದ ಕಿಟಕಿ

ನಡುವೆ ಒಂದು ಕಾಲದಲ್ಲಿ ಕೆಲಸ ಕೊಡಿಸೋದು ಸರ್ಕಾರದ ಕೆಲಸವೇ ಆಗಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಬೇಕಾಯ್ತು. ಅದಕ್ಕಾಗಿ 1945ರಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ಜಾಲ ಕಟ್ಟಿದ್ರು. 1948ರಲ್ಲಿ ಅದು ಎಲ್ಲರಿಗೂ ತೆರೆಯಿತು. ಖಾಲಿ ಹುದ್ದೆಗಳನ್ನ ಕೇಂದ್ರಕ್ಕೆ ತಿಳಿಸಲೇಬೇಕು ಅಂತ 1959ರಲ್ಲಿ ಕಾಯ್ದೆ ಬಂತು. ತಿಳಿಸಬೇಕು ಅಷ್ಟೇ, ಅಲ್ಲಿಂದಲೇ ತಗೊಳ್ಳಬೇಕು ಅಂತ ಕಾಯ್ದೆ ಹೇಳಲಿಲ್ಲ.

ನಿಮ್ಮ ಅಪ್ಪನನ್ನೋ ದೊಡ್ಡಪ್ಪನನ್ನೋ ಕೇಳಿ, ಎಂಪ್ಲಾಯ್‌ಮೆಂಟ್ ಕಾರ್ಡ್ ಕಥೆ ಹೇಳ್ತಾರೆ. ಎಸ್‌ಎಸ್‌ಎಲ್‌ಸಿ ಪಾಸಾದ ಕೂಡಲೇ ಹೋಗಿ ಸಾಲಲ್ಲಿ ನಿಂತು ಹೆಸರು ಬರೆಸೋದು, ರಿನ್ಯೂವಲ್ ತಪ್ಪಿಸದಂತೆ ನೋಡ್ಕೊಳ್ಳೋದು, ಸೀನಿಯಾರಿಟಿ ಹೋದ್ರೆ ಮನೆಯಲ್ಲಿ ಬೈಸಿಕೊಳ್ಳೋದು.

ಕಿಟಕಿಯ ಹಿಂದೆ ಕೂತ ಗುಮಾಸ್ತರ ಸಂಬಳ ಹೇಗಿತ್ತು? ಸರ್ಕಾರಿ ಶ್ರೇಣಿ, ವರ್ಷಕ್ಕೊಂದು ಇನ್ಕ್ರಿಮೆಂಟ್, ತುಟ್ಟಿಭತ್ಯೆ, ಕೊನೆಗೆ ಪಿಂಚಣಿ. ನೀವು ಕೆಲಸಕ್ಕೆ ಸೇರಿದ್ರೂ ಅಷ್ಟೇ, ಸೇರದಿದ್ರೂ ಅಷ್ಟೇ. ಹಾಗಾಗಿ ಅವರು ನಿಮಗೆ ಸುಳ್ಳು ಆಸೆ ತೋರಿಸಿ ಕರೆದೊಯ್ಯಬೇಕಾಗಿರಲಿಲ್ಲ. ಅದೇ ಕಾರಣಕ್ಕೆ ನಿಮಗಾಗಿ ಓಡಾಡಬೇಕಾಗಿಯೂ ಇರಲಿಲ್ಲ. ಕಾರ್ಡ್ ಮಾಡಿಸಿ ವರ್ಷಗಟ್ಟಲೆ ಕಾದು, ಕರೆ ಬರುವಷ್ಟರಲ್ಲಿ ವಯೋಮಿತಿ ದಾಟಿದವರ ಕಥೆ ಪ್ರತಿ ಊರಲ್ಲೂ ಇದೆ. ತಲೆಗಿಷ್ಟು ಅಂದ್ರೆ ಅವಸರ, ತಿಂಗಳ ಸಂಬಳ ಅಂದ್ರೆ ಉದಾಸೀನ. ಈ ಎರಡರ ನಡುವೆ ಈ ಉದ್ಯಮ ಇನ್ನೂ ತೂಗಾಡ್ತಾ ಇದೆ.

8.33ರ ಲೆಕ್ಕ

1991ರ ನಂತರ ಖಾಸಗಿ ಕೆಲಸಗಳು ಹೆಚ್ಚಾದವು, ಬೆಂಗಳೂರಿಗೆ ಐಟಿ ಬಂತು. ಕನ್ಸಲ್ಟೆಂಟ್‌ಗಳ ಕಾಲ ಅದು. ಈ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಸಂಖ್ಯೆ 8.33 ಪರ್ಸೆಂಟ್. ಅದು ಬೇರೇನಲ್ಲ, ನೂರನ್ನ ಹನ್ನೆರಡರಿಂದ ಭಾಗಿಸಿದ್ರೆ ಬರುವ ಸಂಖ್ಯೆ. ಅಂದ್ರೆ ಸೇರಿದವನ ಒಂದು ತಿಂಗಳ ಸಂಬಳ. ವರ್ಷಕ್ಕೆ 12 ಲಕ್ಷದವನನ್ನ ಸೇರಿಸಿದ್ರೆ ಕನ್ಸಲ್ಟೆನ್ಸಿಗೆ ಹೆಚ್ಚುಕಮ್ಮಿ 1 ಲಕ್ಷ. ಇದನ್ನ ಕಂಪನಿ ಕೊಡುತ್ತೆ, ಕೆಲಸಗಾರ ಕೊಡಲ್ಲ. ದಸ್ತೂರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಕೆಲಸಗಾರರಿಂದ ಫೀಸ್ ತಗೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆಯೂ ಹೇಳುತ್ತೆ. ಹಾಗಾಗಿ "ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ಆಫರ್ ಲೆಟರ್ ಕಳಿಸ್ತೀವಿ" ಅಂತ ಯಾರಾದ್ರೂ ವಾಟ್ಸ್ಆ್ಯಪ್ ಮಾಡಿದ್ರೆ ಬ್ಲಾಕ್ ಮಾಡಿ.

ಇನ್ನೊಂದು ದಾರಿ ಸ್ಟಾಫಿಂಗ್. ಇಲ್ಲಿ ಒಂದೇ ಸಲ ಫೀಸ್ ಅಲ್ಲ. ನೀವು ಏಜೆನ್ಸಿಯ ಪೇರೋಲ್‌ನಲ್ಲಿದ್ದು ಕ್ಲೈಂಟ್ ಹತ್ತಿರ ಕೆಲಸ ಮಾಡ್ತೀರಿ. ಕ್ಲೈಂಟ್ ಕೊಡುವ ದುಡ್ಡಿಗೂ ನಿಮಗೆ ಬರುವ ದುಡ್ಡಿಗೂ ನಡುವಿನ ವ್ಯತ್ಯಾಸದಲ್ಲಿ ಏಜೆನ್ಸಿ ಬದುಕುತ್ತೆ, ನೀವು ದುಡಿಯುವಷ್ಟು ದಿನವೂ. ಹಾಜರಿ ಕೂಗಿದಾಗ ತಲೆಗಿಷ್ಟು ಸೆಂಟ್ ಅನ್ನೋ ಲೆಕ್ಕ ಈಗ ಟೈಮ್‌ಶೀಟ್‌ನಲ್ಲಿದೆ. ಅಮೆರಿಕದ ಕಂಪನಿಗಳಿಗೆ ಜನ ಹುಡುಕೋಕೆ ಬೆಂಗಳೂರು, ಹೈದರಾಬಾದ್‌ನಲ್ಲಿ ರಾತ್ರಿಯಿಡೀ ಫೋನ್ ಹಿಡ್ಕೊಂಡು ಕೂರುವ ನಮ್ಮ ಹುಡುಗ ಹುಡುಗಿಯರು ಈ ಲೆಕ್ಕದ ಚಿಲ್ಲರೆ ಕಂಗಾಣಿಗಳು.

ಕೆಳಗಿನ ಮೆಟ್ಟಿಲಲ್ಲಿ ಸಂಬಳ ಯಾಕೆ ಇಷ್ಟು ಕಡಿಮೆ? ನನಗೆ ಅನ್ನಿಸೋದು ಇದು. ಮೇಸ್ತ್ರಿಯ ಬಂಡವಾಳ ಅವನ ತಲೆಯೊಳಗೇ ಇತ್ತು: ಯಾವ ಊರು, ಯಾರ ಮನೆ, ಯಾರು ನಂಬಿಗಸ್ತ. ಹಳೇ ಕನ್ಸಲ್ಟೆಂಟ್‌ಗಳ ಬಂಡವಾಳ ಅವರ ಡೈರಿಯಲ್ಲಿತ್ತು. 1997ರಲ್ಲಿ ನೌಕ್ರಿ ಡಾಟ್ ಕಾಮ್ ಬಂತು, 2003ರಲ್ಲಿ ಲಿಂಕ್ಡ್‌ಇನ್ ಬಂತು. ಡೈರಿಯಲ್ಲಿದ್ದದ್ದು ಚಂದಾ ಕಟ್ಟಿದ ಯಾರಿಗೆ ಬೇಕಾದ್ರೂ ಸಿಗೋ ಹಾಗಾಯ್ತು. ಗುಟ್ಟು ಹೋದ ಮೇಲೆ ಉಳಿದದ್ದು ಕಾಲ್‌ಗಳ ಸಂಖ್ಯೆ. ದಿನಕ್ಕೆ ಎಷ್ಟು ಕಾಲ್, ಎಷ್ಟು ರೆಸ್ಯೂಮೆ, ಎಷ್ಟು ಇಂಟರ್‌ವ್ಯೂ. ಅದನ್ನ ಹೊಸಬರೂ ಮಾಡಬಹುದು, ಹೊಸಬರು ಕಡಿಮೆ ಸಂಬಳಕ್ಕೆ ಸಿಗ್ತಾರೆ. ಮೇಲೆ, ದೊಡ್ಡ ಹುದ್ದೆಗಳಿಗೆ ಜನ ಹುಡುಕುವವರಿಗೆ ಮಾತ್ರ ಇವತ್ತಿಗೂ ಒಳ್ಳೇ ದುಡ್ಡು ಇದೆ. ಅಲ್ಲಿ ಗುಟ್ಟು ಇನ್ನೂ ಉಳಿದಿದೆ, ನಂಬಿಕೆ ಇನ್ನೂ ಬೇಕು.

ಹಾಗಂತ ತಿಂಗಳ ಸಂಬಳದ ಏಣಿ ಭದ್ರ ಅಂತಲೂ ಅಲ್ಲ. 2022ರ ನವೆಂಬರ್‌ನಲ್ಲಿ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನ ತೆಗೆದಾಗ, ಹೊಸಬರನ್ನ ತಗೊಳ್ಳೋದು ಕಡಿಮೆ ಮಾಡ್ತೀವಿ, ಹಾಗಾಗಿ ರಿಕ್ರೂಟಿಂಗ್ ತಂಡಕ್ಕೆ ಪೆಟ್ಟು ಹೆಚ್ಚು ಅಂತ ಮಾರ್ಕ್ ಜುಕರ್‌ಬರ್ಗ್ ನೇರವಾಗಿಯೇ ಹೇಳಿದ್ರು. ಕುಯಿಲು ಮುಗಿದ ಮೇಲೆ ಮೇಸ್ತ್ರಿ ಯಾರಿಗೆ ಬೇಕು?

ಸೇರೋಕೆ ಮುಂಚೆ ಕೇಳಿ

ಇದನ್ನ ಕೇಳ್ತಿರೋರಲ್ಲಿ ಕೆಲವರು ಈ ಉದ್ಯಮಕ್ಕೆ ಕಾಲಿಡೋರು ಇರ್ತೀರಿ. ಎಲ್ಲ ಡಿಗ್ರಿಯವರನ್ನೂ ತಗೊಳ್ಳುವ ಕೆಲವೇ ಕೆಲಸಗಳಲ್ಲಿ ಇದೂ ಒಂದು. ಬೇಡ ಅಂತ ನಾನು ಹೇಳಲ್ಲ. ಮಾತಾಡೋದು, ಕೇಳಿಸಿಕೊಳ್ಳೋದು, ಮನುಷ್ಯರನ್ನ ಓದೋದು ನಾನು ಕಲಿತದ್ದು ಅಲ್ಲೇ. ಆದ್ರೆ ಆಫರ್ ಲೆಟರ್ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಒಂದು, ಇದರಲ್ಲಿ ಫಿಕ್ಸೆಡ್ ಎಷ್ಟು, ಇನ್ಸೆಂಟಿವ್ ಎಷ್ಟು? ಬರೀ ಫಿಕ್ಸೆಡ್‌ನಲ್ಲಿ ರೂಮ್ ಬಾಡಿಗೆ ಊಟ ನಡೀಬೇಕು. ಎರಡು, ನಾನು ಸೇರಿಸಿದವರು ಬಿಟ್ಟುಹೋದ್ರೆ ನಷ್ಟ ಯಾರದ್ದು, ಕಂಪನಿಯದ್ದೋ ನನ್ನದೋ? ಮೂರು, ಎರಡು ವರ್ಷ ಆದ ಮೇಲೆ ಪ್ರಮೋಷನ್ ಅಂದ್ರೆ ಹೊಸದೇನಾದ್ರೂ ಕಲೀತೀನಾ, ಇಲ್ಲಾ ಎಣಿಸುವ ತಲೆ ಮಾತ್ರ ಹೆಚ್ಚಾಗುತ್ತಾ?

ಎರಡನೇ ಪ್ರಶ್ನೆಯನ್ನ ಬಿಡಬೇಡಿ. ಮೇಸ್ತ್ರಿ ಕೆಟ್ಟವನಾಗಿ ಹುಟ್ಟಲಿಲ್ಲ. ಓಡಿಹೋದವನ ಮುಂಗಡ ಅವನ ತಲೆಗೆ ಬರ್ತಿತ್ತು, ಅದಕ್ಕೇ ಬಾಗಿಲು ಕಾದ. ನಷ್ಟವನ್ನ ಏಣಿಯ ಅತ್ಯಂತ ಕೆಳಗಿನವನ ಹೆಗಲಿಗೆ ಹಾಕಿದ್ರೆ, ಅವನು ಅದನ್ನ ಇನ್ನೂ ಕೆಳಗಿನವನ ಮೇಲೆ ಇಳಿಸ್ತಾನೆ. ನಾನು ಆ ಹುಡುಗನಿಗೆ ಮಾಡಿದ್ದೂ ಅದನ್ನೇ.

ಕೆಲವು ತಿಂಗಳ ನಂತರ ಅವನಿಗೆ ಫೋನ್ ಮಾಡಿ ಹೇಗಿದ್ದೀಯಾ ಅಂತ ಕೇಳಿದೆ. ಊರ ಹತ್ತಿರವೇ ಹಗಲು ಹೊತ್ತಿನ ಕೆಲಸ ಸಿಕ್ಕಿತ್ತು, ಸಂಬಳ ಕಡಿಮೆ, ನಿದ್ದೆ ಬರ್ತಿತ್ತು. ಮಾತು ಮುಗಿಸೋಕೆ ಮುಂಚೆ ಅವನು ಸಂಕೋಚದಿಂದಲೇ ಕೇಳಿದ, "ಸರ್, ನಾನು ಬಿಟ್ಟಿದ್ದಕ್ಕೆ ನಿಮಗೇನಾದ್ರೂ ಕಟ್ ಆಯ್ತಾ?"

ಇಲ್ಲ ಮಾರಾಯ ಅಂದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.